ಐದು ಟೋಕನ್‌ಗಳ ಪೊಟ್ಟಣ: ಸರಕು ಅಪ್ಪಟ, ಜತೆಗಿಟ್ಟ ಚೀಟಿ ತಪ್ಪು

ಬ್ರಿಟನ್ನಿನ ಹಳೆಯ ವ್ಯಾಪಾರಿ ಟೋಕನ್‌ಗಳನ್ನು, ಅಂದರೆ ಅರಸನ ಚಿಲ್ಲರೆ ಸಾಲದಾದಾಗ ವರ್ತಕರು, ಕಂಪನಿಗಳು ತಾವೇ ಒತ್ತಿಸಿ ಚಲಾಯಿಸಿದ ಬಿಲ್ಲೆ ದುಡ್ಡನ್ನು ಕೂಡಿಡಬೇಕು ಅಂತ ಆಸೆ ಇರುವವರಿಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬರ್ಮಿಂಗ್‌ಹ್ಯಾಮ್‌ನ ಒಂದು ಚಿಕ್ಕ ನಾಣ್ಯದಂಗಡಿಯಲ್ಲಿ 140 ಪೌಂಡ್ ಕೊಟ್ಟು ನಾನು ತಂದ ಪೊಟ್ಟಣದಲ್ಲಿ ಐದು ಟೋಕನ್‌ಗಳಿವೆ. ಐದೂ ಅಸಲಿ. ಬೆಲೆ ನ್ಯಾಯವಾದದ್ದೇ. ಆದರೆ ಒಂದನ್ನು ಯಾರೋ ಉಜ್ಜಿ ಹಾಳು ಮಾಡಿದ್ದಾರೆ, ಇಟ್ಟುಕೊಟ್ಟ ಪ್ಲಾಸ್ಟಿಕ್ ಲಕೋಟೆ ತಾಮ್ರಕ್ಕೆ ಆಗಿಬರುವಂಥದ್ದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಜತೆಗೆ ಕೊಟ್ಟ ಅಚ್ಚಾದ ಚೀಟಿಯಲ್ಲಿ 'ಈ ಐದೂ ಟೋಕನ್‌ಗಳು 1817ರ ಕಾಯ್ದೆಯಿಂದ ಅಮಾನ್ಯವಾದವು' ಅಂತ ಒಂದು ಸಾಲಿದೆ. ಅದು ತಪ್ಪು. ಒಂದೊಂದು ಟೋಕನ್ನಿಗೂ ಅಂತ್ಯ ಬೇರೆ ಬೇರೆ ವರ್ಷ, ಬೇರೆ ಬೇರೆ ಕಾರಣಕ್ಕೆ ಬಂತು. ಅಂಗಡಿಯ ಹೆಸರು ಹಾಕುತ್ತಿಲ್ಲ. ದೂರನ್ನು ಮಾಲೀಕರ ಮುಂದೆಯೇ ಹೇಳಿ ಬಂದಿದ್ದೇನೆ, ಅಷ್ಟು ಸಾಕು.

ನಾನು ನಿವೃತ್ತನಾಗುವ ತನಕ ಬಳ್ಳಾರಿಯಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ಹಿಡಿದು ಸಾಲುಗಟ್ಟಿದ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಸಾರ್, ಇದು ಇನ್ನು ದುಡ್ಡಲ್ಲವಾ?' ಅಂಗಡಿಯಲ್ಲಿ ನಡೆಯುವುದು ಬೇರೆ, ಬ್ಯಾಂಕು ತೆಗೆದುಕೊಳ್ಳುವುದು ಬೇರೆ, ಗಡುವು ಮುಗಿಯುವುದು ಬೇರೆ. ಈ ಮೂರನ್ನೂ ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಗುತ್ತಿತ್ತು. ಆ ಅಭ್ಯಾಸ ಇರುವುದರಿಂದ ಚೀಟಿಯ ಸಾಲು ಓದಿದ ಕೂಡಲೇ ಮನಸ್ಸಿಗೆ ಚುಚ್ಚಿತು. ಹಣ ನಿಂತುಹೋದ ದಿನವನ್ನು ತಪ್ಪು ಬರೆದರೆ, ಆ ದಿನ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದವರ ಪಾಡೂ ತಪ್ಪಾಗಿ ದಾಖಲಾಗುತ್ತದೆ.

ಈಗ ಮಗಳ ಮನೆಯಲ್ಲಿ, ಕೊವೆಂಟ್ರಿಯಲ್ಲಿ ಇದ್ದೇನೆ. ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಅಂಗಡಿ ಎಂದರೆ ಒಂದು ಗಾಜಿನ ಮೇಜು, ಹಿಂದೆ ಮರದ ಡ್ರಾಯರುಗಳ ಗೋಡೆ, ಒಂದು ತಕ್ಕಡಿ, ಎರಡು ಕುರ್ಚಿ. ನಡೆಸುವವರು ವಯಸ್ಸಾದ ಹೆಂಗಸು. ಕೊಳ್ಳುತ್ತೀರಾ ಇಲ್ಲವಾ ಅಂತ ಒಮ್ಮೆಯೂ ಕೇಳಲಿಲ್ಲ. ಭೂತಗಾಜು ಕೈಗೆ ಕೊಟ್ಟು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, 'ಅಂಚಿನಲ್ಲಿ ಹಿಡಿಯಿರಿ' ಅಂದು ತಮ್ಮ ಕೆಲಸಕ್ಕೆ ಹೋದರು. ಗಿರಾಕಿಯನ್ನು ಹೀಗೆ ನಂಬಿ ಬಿಡುವ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಪೊಟ್ಟಣದಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚಿಕ್ಕದು, ಒಂದು ಫಾರ್ದಿಂಗ್. ಅಂದರೆ ಪೆನ್ನಿಯ ಕಾಲು ಭಾಗ. ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು, ಕಾಗದದಷ್ಟು ತೆಳು, ಸವೆದು ಕಂದಾಗಿದೆ. ಒಂದು ಮುಖದಲ್ಲಿ ಶಂಕುವಿನ ಆಕಾರದ ಸಕ್ಕರೆ ಅಚ್ಚು. ಆಗ ಸಕ್ಕರೆ ಹಾಗೇ ಗಟ್ಟಿ ಅಚ್ಚಿನಲ್ಲಿ ಬರುತ್ತಿತ್ತು, ದಿನಸಿಯವನು ಒಡೆದು ಮಾರುತ್ತಿದ್ದ. ಇನ್ನೊಂದು ಮುಖದಲ್ಲಿ ಮೂರು ಅಕ್ಷರ: ಮೇಲೆ ಮನೆತನದ ಹೆಸರಿನದು, ಕೆಳಗೆ ಎಡಕ್ಕೆ ಗಂಡನದು, ಬಲಕ್ಕೆ ಹೆಂಡತಿಯದು. ಭೂತಗಾಜಿನಲ್ಲಿ ಆ ಕೊನೆಯ ಅಕ್ಷರ ನೋಡಿದಾಗ ಬಹಳ ಹೊತ್ತು ಕೆಳಗಿಡಲಾಗಲಿಲ್ಲ. ಅಂಗಡಿಯ ದುಡ್ಡಿನ ಮೇಲೆ ಹೆಂಡತಿಯ ಹೆಸರಿಗೂ ಜಾಗ ಕೊಟ್ಟಿದ್ದಾರೆ, ಅದೂ 1650–60ರ ಸುಮಾರಿಗೆ.

ಅಂತರ್ಯುದ್ಧದ ಕಾಲದಲ್ಲಿ, ಅರಸನ ಅನುಮತಿ ಪಡೆದು ಖಾಸಗಿಯವರು ಅಚ್ಚು ಹಾಕುತ್ತಿದ್ದ ಫಾರ್ದಿಂಗ್‌ಗಳು ನಿಂತವು, 1649ರಲ್ಲಿ ಒಂದನೆಯ ಚಾರ್ಲ್ಸ್‌ನ ತಲೆಯನ್ನೂ ಕಡಿದರು. ಬಡವನಿಗೆ ಬ್ರೆಡ್ಡು, ಬಿಯರು, ಮೇಣದಬತ್ತಿ ಕೊಳ್ಳಲು ಬೇಕಾದ ಪುಡಿ ದುಡ್ಡು ಹುಟ್ಟಿಸುವವರೇ ಇಲ್ಲ. ಆಗ ದಿನಸಿಯವರು, ಹೆಂಡದಂಗಡಿಯವರು, ಜವಳಿಯವರು, ಕೆಲವೆಡೆ ಪಟ್ಟಣದ ಆಡಳಿತದವರು ತಮ್ಮ ತಮ್ಮ ಟೋಕನ್ ಹೊರಡಿಸಿದರು. ನಮ್ಮ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾನಲ್ಲ, ವ್ಯವಹಾರ ಅದೇ. ಬರೆದುಕೊಟ್ಟವನು ಕಣ್ಣೆದುರಿಗೆ ಇರುವ ತನಕ ಅದಕ್ಕೆ ಬೆಲೆ. ಬೀದಿ ದಾಟಿದರೆ ಅನುಮಾನ, ಊರು ದಾಟಿದರೆ ಸೊನ್ನೆ.

ಇವುಗಳನ್ನು ನಿಲ್ಲಿಸಿದ್ದು 1817 ಅಲ್ಲ, ಅದಕ್ಕೂ ಸುಮಾರು ಒಂದೂವರೆ ಶತಮಾನ ಹಿಂದೆ ಎರಡನೆಯ ಚಾರ್ಲ್ಸ್. 1672ರಲ್ಲಿ ಟಂಕಸಾಲೆ ಬ್ರಿಟಾನಿಯಾ ಚಿತ್ರದ ತಾಮ್ರದ ಹಾಫ್‌ಪೆನ್ನಿ (ಅರ್ಧ ಪೆನ್ನಿ), ಫಾರ್ದಿಂಗ್ ಹೊರತಂದಿತು. ಅದೇ ವರ್ಷ ಆಗಸ್ಟ್ 16ರ ರಾಜಾಜ್ಞೆ ಖಾಸಗಿ ಟೋಕನ್‌ಗಳನ್ನು ನಿಷೇಧಿಸಿತು. ಇಲ್ಲಿ ಕ್ರಮ ಗಮನಿಸಬೇಕು. ಬದಲಿ ದುಡ್ಡನ್ನು ಕೈಗೆ ಕೊಟ್ಟು ಹಳೆಯದನ್ನು ನಿಲ್ಲಿಸಿದರು. ಕೌಂಟರಿನಲ್ಲಿ ಕೂತವನಾಗಿ ಹೇಳುತ್ತೇನೆ, ಮುಂದೆ ಬಂದ ಯಾವ ನಿಷೇಧವೂ ಇಷ್ಟು ಸಲೀಸಾಗಿ ಆಗಲಿಲ್ಲ.

ಎರಡನೆಯದು ಈ ಪೊಟ್ಟಣದ ರಾಜ. ವೇಲ್ಸ್‌ನ ಆಂಗಲ್‌ಸೀ ದ್ವೀಪದ ಪ್ಯಾರಿಸ್ ಗಣಿ ಕಂಪನಿಯ ಡ್ರೂಯಿಡ್ ಪೆನ್ನಿ. ಅಂಗೈಯಲ್ಲಿ ಇಟ್ಟರೆ ತೂಕ ಗೊತ್ತಾಗುತ್ತದೆ. ಹೊಸದರಲ್ಲಿ ಇದರ ತೂಕ ಒಂದು ಔನ್ಸ್, ಸುಮಾರು 28 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ನನ್ನದು 27 ದಾಟಿತು. ಮುಂಭಾಗದಲ್ಲಿ ಮುಸುಕು ಹಾಕಿಕೊಂಡ, ಗಡ್ಡದ ಡ್ರೂಯಿಡ್ ಪುರೋಹಿತನ ತಲೆ, ಸುತ್ತ ಓಕ್ ಎಲೆಯ ಮಾಲೆ. ಮುಸುಕಿನ ಮಡಿಕೆಗಳು ಇನ್ನೂ ಉಳಿದಿವೆ, ಮೂಗು ಮಾತ್ರ ಸವೆದಿದೆ. ಹಿಂಭಾಗದಲ್ಲಿ ಕಂಪನಿಯ ಹೆಣೆದ ಅಕ್ಷರಗಳು, ಅದರ ಸುತ್ತ ಒಂದು ವಾಕ್ಯ: ಧಾರಕನಿಗೆ ಒಂದು ಪೆನ್ನಿ ಕೊಡುವುದಾಗಿ ಭರವಸೆ ಕೊಡುತ್ತೇವೆ. ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿ ಕೊಡುವುದೂ ಇದೇ ಭರವಸೆ. ಜೀವನಪೂರ್ತಿ ಆ ವಾಕ್ಯವನ್ನು ಎಣಿಸಿ ಎಣಿಸಿ ಕೊಟ್ಟವನಿಗೆ, 1787ರಲ್ಲಿ ಒಂದು ಗಣಿ ಕಂಪನಿ ಅದನ್ನೇ ತಾಮ್ರದ ಮೇಲೆ ಒತ್ತಿದ್ದನ್ನು ಕಂಡು ರೋಮಾಂಚನವಾಯಿತು. ಎಲ್ಲಿ ಕೊಡುತ್ತೇವೆ ಅನ್ನುವುದು ಅಂಚಿನ ದಪ್ಪದ ಮೇಲಿದೆ: ಕೇಳಿದಾಗ, ಲಂಡನ್, ಲಿವರ್‌ಪೂಲ್ ಅಥವಾ ಆಂಗಲ್‌ಸೀಯಲ್ಲಿ. ಟೋಕನ್ನನ್ನು ಬೆರಳಿನಲ್ಲಿ ತಿರುಗಿಸುತ್ತಾ ಓದಬೇಕು.

ಗಣಿಯವರಿಗೆ ಈ ಉಸಾಬರಿ ಯಾಕೆ ಬೇಕಿತ್ತು? ಟಂಕಸಾಲೆ 1775ರ ಮೇಲೆ ಹಾಫ್‌ಪೆನ್ನಿ ಮಾಡುವುದನ್ನೇ ನಿಲ್ಲಿಸಿತ್ತು. ಬೀದಿಯಲ್ಲಿ ಓಡಾಡುತ್ತಿದ್ದ ತಾಮ್ರದ ದುಡ್ಡನ್ನು 1787ರಲ್ಲಿ ಟಂಕಸಾಲೆಯೇ ಪರೀಕ್ಷಿಸಿದಾಗ, ಅರಸನ ನಾಣ್ಯದ ಹೋಲಿಕೆಯಾದರೂ ಇದ್ದದ್ದು ನೂರಕ್ಕೆ 8 ಮಾತ್ರ. ಉಳಿದದ್ದು ಖೋಟಾ, ಇಲ್ಲವೇ ಬರೀ ಬೋಳು ಬಿಲ್ಲೆ. ಅದೇ ಹೊತ್ತಿಗೆ ಕಾರ್ಖಾನೆಗಳು ಎದ್ದು, ಸಾವಿರಾರು ಕೂಲಿಗಳಿಗೆ ವಾರವಾರ ಬಟವಾಡೆ ಮಾಡಬೇಕಾಗಿ ಬಂತು. ಕೂಲಿಯವನಿಗೆ ಚಿನ್ನದ ಗಿನ್ನಿ ಕೊಟ್ಟರೆ ಅವನು ಬ್ರೆಡ್ಡಿನಂಗಡಿಯಲ್ಲಿ ಏನು ಮಾಡಬೇಕು? ಪ್ಯಾರಿಸ್ ಬೆಟ್ಟದ ತಾಮ್ರದ ದೊರೆ ಥಾಮಸ್ ವಿಲಿಯಮ್ಸ್‌ನ ಬಳಿ ತಾಮ್ರವೂ ಇತ್ತು, ಕೂಲಿಗಳೂ ಇದ್ದರು. ಅರಸ ಮಾಡದ ಕೆಲಸವನ್ನು ಆತ ಮಾಡಿದ. ಅದೇ ವರ್ಷ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ ತನ್ನ ಮುಖವನ್ನೇ ಹಾಕಿ ಟೋಕನ್ ಹೊರಡಿಸಿದ. ಅಲ್ಲಿಂದ ದೇಶವೆಲ್ಲ ಹರಡಿತು.

ಡ್ರೂಯಿಡ್ ಪೆನ್ನಿ ಯಾವತ್ತು ನಿಂತಿತು? ಈ ಒಂದಕ್ಕೆ ಚೀಟಿಯ ಮಾತನ್ನು ಅರ್ಧ ಒಪ್ಪಬಹುದು. 1817ರ ಕಾಯ್ದೆ ತಾಮ್ರದ ಟೋಕನ್‌ಗಳಿಗೆಲ್ಲ ಅನ್ವಯಿಸಿತು ನಿಜ, ಆದರೆ ಅಷ್ಟರಲ್ಲಿ ಇದರ ದಿನ ಮುಗಿದು ಬಹಳ ಕಾಲವಾಗಿತ್ತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಹೋದಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದ ಅಚ್ಚುಮನೆ ಕಟ್ಟಿದ್ದ. 1797ರಲ್ಲಿ ಸರ್ಕಾರ ಅವನಿಗೇ ಗುತ್ತಿಗೆ ಕೊಟ್ಟು, ಒಂದು ಔನ್ಸಿನ ಪೆನ್ನಿ, ಎರಡು ಔನ್ಸಿನ ಎರಡು ಪೆನ್ನಿ ಮಾಡಿಸಿತು. ಅಗಲ ಅಂಚಿನ ಆ ದಪ್ಪ ನಾಣ್ಯಗಳಿಗೆ ಜನ ಬಂಡಿಚಕ್ರ ಅಂತಲೇ ಹೆಸರಿಟ್ಟರು. ಅರಸನ ಮುಖವಿದ್ದ ಒಳ್ಳೆಯ ತಾಮ್ರ ಸಿಕ್ಕಮೇಲೆ ಗಣಿಯವನ ಭರವಸೆ ಯಾರಿಗೆ ಬೇಕು? ಯಾವ ಕಾನೂನೂ ಹೆಸರು ಹಿಡಿದು ನಿಷೇಧಿಸದೆಯೇ ಟೋಕನ್‌ಗಳು ಹಿಂದೆ ಸರಿದವು.

ಮೂರನೆಯದು ಮಗಳ ಊರಿನದೇ, ಕೊವೆಂಟ್ರಿಯ ಹಾಫ್‌ಪೆನ್ನಿ. ಕುದುರೆ ಮೇಲೆ ಬಟ್ಟೆಯಿಲ್ಲದೆ ಕೂತ ಲೇಡಿ ಗೊಡೈವಾ, ಜನರ ಮೇಲಿನ ತೆರಿಗೆ ಇಳಿಸಲೆಂದು ಗಂಡನ ಸವಾಲು ಸ್ವೀಕರಿಸಿ ಊರೊಳಗೆ ಸವಾರಿ ಹೋದಳು ಅನ್ನುವ ದಂತಕಥೆಯವಳು. ಸುತ್ತ ಲ್ಯಾಟಿನ್ನಿನಲ್ಲಿ 'ಸಾರ್ವಜನಿಕರ ಒಳಿತಿಗಾಗಿ' ಎಂದಿದೆ, ಕೆಳಗೆ 1792. ತಿರುಗಿಸಿದರೆ ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಅದು ನಗರದ ಲಾಂಛನ. ಮೊಮ್ಮಗ 'ತಾತ, ಇಲ್ಲಿ ಅಂಬಾರಿ ಇದೆ!' ಅಂತ ಕೂಗಿದ. ಅಂಚಿನಲ್ಲಿ, ರಾಬರ್ಟ್ ರೆನಾಲ್ಡ್ಸ್ ಕಂಪನಿಯ ಉಗ್ರಾಣದಲ್ಲಿ ಹಣ ಸಿಗುತ್ತದೆ ಎಂದಿದೆ. ಅವರು ರಿಬ್ಬನ್ ನೇಯಿಸುವವರು. ರಿಬ್ಬನ್ ನೇಯ್ಗೆಯೇ ಆ ಊರಿನ ಹೊಟ್ಟೆಪಾಡಾಗಿತ್ತು.

ಕೆಟ್ಟಿರುವುದು ಇದೇ. ಯಾವುದೋ ದ್ರಾವಣದಲ್ಲಿ ಅದ್ದಿ, ಮೇಲೆ ಬಟ್ಟೆ ಹಾಕಿ ಉಜ್ಜಿ ತೆಗೆದಿದ್ದಾರೆ. ಎರಡು ಶತಮಾನದಲ್ಲಿ ತಾಮ್ರಕ್ಕೆ ಕೂಡಿಬಂದ ಕಂದು ಬಣ್ಣವೆಲ್ಲ ಹೋಗಿ ಕಚ್ಚಾ ಗುಲಾಬಿ ಬಣ್ಣ ಬಂದಿದೆ. ದೀಪದ ಕೆಳಗೆ ವಾಲಿಸಿ ಹಿಡಿದರೆ ಕುದುರೆಯ ಹೊಟ್ಟೆಯ ಮೇಲೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು ಸಾಲಾಗಿ ಕಾಣುತ್ತವೆ. ಅಂಗಡಿಯ ಹಳದಿ ದೀಪದಲ್ಲಿ ಇದು ಕಾಣಲಿಲ್ಲ, ಕಿಟಕಿಯ ಬೆಳಕಿನಲ್ಲಿ ಕಂಡಿತು. ಪೊಟ್ಟಣದ ಮೇಲೆ 'ಶುಚಿಗೊಳಿಸಲಾಗಿದೆ' ಅಂತ ಬರೆಯಬೇಕಿತ್ತು. ಆ ಒಂದು ಪದ ಬರೆಯದೆ ಮಾರುವುದು ಸರಿಯಲ್ಲ. ದಯವಿಟ್ಟು ಯಾರೂ ಹಳೆಯ ತಾಮ್ರವನ್ನು ಹುಣಸೆಹಣ್ಣು, ನಿಂಬೆರಸ ಹಾಕಿ ತಿಕ್ಕಬೇಡಿ. ಬೆಳಗಿದಷ್ಟೂ ಬೆಲೆ ಇಳಿಯುತ್ತದೆ, ಹೋದ ಬಣ್ಣ ಮತ್ತೆ ಬರುವುದಿಲ್ಲ.

ಲಕೋಟೆಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಐದನ್ನೂ ಮೆತ್ತನೆಯ ಪಿವಿಸಿ ಚೀಲದಲ್ಲಿ ಹಾಕಿದ್ದರು. ಆ ಪ್ಲಾಸ್ಟಿಕ್ ಕಾಲಕ್ರಮೇಣ ಒಸರಿ, ತಾಮ್ರದ ಮೇಲೆ ಅಂಟಂಟು ಹಸಿರು ಪದರ ಕಟ್ಟಿಸುತ್ತದೆ. ನಮ್ಮ ಕರಾವಳಿಯಂಥ ಸೆಕೆ, ತೇವದ ಊರಲ್ಲಿ ಇನ್ನೂ ಬೇಗ. ಮನೆಗೆ ತಂದ ಸಂಜೆಯೇ ಪಾಲಿಯೆಸ್ಟರ್ ಕಿಟಕಿ ಇರುವ ರಟ್ಟಿನ ಚೌಕಟ್ಟಿಗೆ ಎಲ್ಲವನ್ನೂ ಬದಲಿಸಿದೆ.

ನಾಲ್ಕನೆಯದು ಬೆಳ್ಳಿ: ಬ್ರಿಸ್ಟಲ್‌ನ ವರ್ತಕರು 1811ರಲ್ಲಿ ಹೊರಡಿಸಿದ ಶಿಲ್ಲಿಂಗ್ (ಹನ್ನೆರಡು ಪೆನ್ನಿ) ಟೋಕನ್. ನೆಪೋಲಿಯನ್ ಜತೆ ಯುದ್ಧ ನಡೆಯುತ್ತಿದ್ದ ಕಾಲ. ಬೆಳ್ಳಿಯ ಬೆಲೆ ಏರಿ ಅರಸನ ನಾಣ್ಯಗಳು ಮರೆಯಾಗಿದ್ದವು. ತಾಮ್ರವೂ ತುಟ್ಟಿಯಾಗಿ, ಬೋಲ್ಟನ್‌ನ ದಪ್ಪ ಪೆನ್ನಿಗಳನ್ನು ಕರಗಿಸಿ ಮಾರಿದರೇ ಲಾಭ ಅನ್ನುವಂತಾಗಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡೇ ಮೂರು ಶಿಲ್ಲಿಂಗಿನದು, ಒಂದೂವರೆ ಶಿಲ್ಲಿಂಗಿನದು ಅಂತ ಬೆಳ್ಳಿ ಟೋಕನ್ ಹೊರತಂದಿತು. ಜತೆಗೆ ಊರೂರಿನ ವರ್ತಕರೂ ಹೊರತಂದರು, ಕೆಲವರು ಮುಖಬೆಲೆಗಿಂತ ಕಡಿಮೆ ಬೆಳ್ಳಿ ಹಾಕಿ ಲಾಭ ಮಾಡಿಕೊಂಡರು.

ಇವುಗಳ ಅಂತ್ಯವೇ ನನಗೆ ಹೆಚ್ಚು ಕುತೂಹಲ ತಂದದ್ದು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಐರ್ಲೆಂಡಿನ ಟೋಕನ್ ಬಿಟ್ಟು ಉಳಿದ ಚಿನ್ನ, ಬೆಳ್ಳಿ ಟೋಕನ್‌ಗಳನ್ನು ನಿಷೇಧಿಸಿ ಸಂಸತ್ತು 1812ರಲ್ಲೇ ಕಾಯ್ದೆ ಮಾಡಿತು. ಗಡುವು 1813ರ ಮಾರ್ಚ್. ಆದರೆ ಬದಲಿ ಬೆಳ್ಳಿ ಎಲ್ಲಿದೆ? ಇರುವ ಚಿಲ್ಲರೆಯನ್ನೂ ಕಿತ್ತುಕೊಂಡರೆ ಸಂತೆ ನಡೆಯುವುದು ಹೇಗೆ? ಗಡುವನ್ನು ಮುಂದೂಡಿದರು, ಮತ್ತೆ ಮುಂದೂಡಿದರು. ಕೊನೆಗೆ 1814ರಲ್ಲಿ ಅವು ನಿಂತವು. ಹೊಸ ಬೆಳ್ಳಿ ನಾಣ್ಯ ಜನರ ಕೈಗೆ ಬಂದದ್ದು 1817ರ ಫೆಬ್ರವರಿಯಲ್ಲಿ, ಹಳೆಯದನ್ನು ಬದಲಿಸಿಕೊಳ್ಳಲು ಕೊಟ್ಟದ್ದು ಎರಡೇ ವಾರ. ಹಾಗಿರುವಾಗ ಬ್ರಿಸ್ಟಲ್ ಶಿಲ್ಲಿಂಗಿಗೆ 1817ರ ಕಾಯ್ದೆಯನ್ನು ಅಂಟಿಸುವುದು ಪೂರ್ತಿ ತಪ್ಪು. ಆ ಕಾಯ್ದೆ ಹುಟ್ಟಿದ್ದು ತಾಮ್ರ ಮತ್ತಿತರ ಲೋಹದ ಟೋಕನ್‌ಗಳಿಗಾಗಿ.

ಆ ಕಾಯ್ದೆ ಏನು ಹೇಳಿತು? ಇನ್ನು ಮುಂದೆ ಯಾರೂ ಟೋಕನ್ ಮಾಡಬಾರದು. 1818ರ ಜನವರಿ 1ರ ನಂತರ ಚಲಾಯಿಸಲೂಬಾರದು, ಚಲಾಯಿಸಿದರೆ ದಂಡ. ಆದರೆ ಹೊರಡಿಸಿದವನ ಹೊಣೆ ತಪ್ಪಲಿಲ್ಲ. ಟೋಕನ್ ಹಿಡಿದು ಅವನ ಬಾಗಿಲಿಗೇ ಹೋದರೆ ಹಣ ಕೊಡಬೇಕಿತ್ತು. ಕಾಗದದ ಮೇಲೆ ಬಹಳ ನ್ಯಾಯವಾದ ಮಾತು. ಬಾಗಿಲೇ ಇಲ್ಲದಿದ್ದರೆ? ಎಷ್ಟೋ ಟೋಕನ್‌ಗಳ ಮೇಲೆ ಹೊರಡಿಸಿದವನ ಹೆಸರೇ ಇರಲಿಲ್ಲ, ಎಷ್ಟೋ ವರ್ತಕರು ಅಷ್ಟರಲ್ಲಿ ದಿವಾಳಿ ಎದ್ದಿದ್ದರು. ಅಂಥವನ್ನು ಹಿಡಿದುಕೊಂಡಿದ್ದ ಕೂಲಿಯವರಿಗೆ, ಚಿಕ್ಕ ಅಂಗಡಿಯವರಿಗೆ ಸಿಕ್ಕದ್ದು ಹಳೇ ತಾಮ್ರದ ತೂಕದ ಬೆಲೆ ಮಾತ್ರ. ಇಷ್ಟಾದರೂ ಅರಸನ ಹೊಸ ತಾಮ್ರ ಬಂತೇ ಅಂದರೆ, ಫಾರ್ದಿಂಗ್ ಬಂದದ್ದು 1821ರಲ್ಲಿ, ಪೆನ್ನಿ ಮತ್ತು ಹಾಫ್‌ಪೆನ್ನಿ 1825ರಲ್ಲಿ. 1672ರವರು ತೋರಿಸಿದ ವಿವೇಕ ಇಲ್ಲಿ ಕಾಣಲಿಲ್ಲ.

ಐದನೆಯ ಟೋಕನ್ ಕೈಗೆತ್ತಿಕೊಂಡಾಗ ಚೀಟಿ ಪೂರ್ತಿ ಬಿದ್ದುಹೋಯಿತು. ಇದು ಬರ್ಮಿಂಗ್‌ಹ್ಯಾಮ್ ವರ್ಕ್‌ಹೌಸಿನ 1812ರ ಪೆನ್ನಿ. ವರ್ಕ್‌ಹೌಸ್ ಎಂದರೆ ಗತಿಯಿಲ್ಲದವರನ್ನು ಇರಿಸಿ, ದುಡಿಸಿ, ಊಟ ಹಾಕುತ್ತಿದ್ದ ಮನೆ. ಖರ್ಚು ಊರವರು ಕೊಡುವ ಬಡವರ ತೆರಿಗೆಯಿಂದ. ಒಂದು ಮುಖದಲ್ಲಿ ಆ ಕಟ್ಟಡದ್ದೇ ಚಿತ್ರವಿದೆ. ಕಿಟಕಿಗಳ ಸಾಲು ಎಷ್ಟು ಸ್ಪಷ್ಟ ಅಂದರೆ ಭೂತಗಾಜಿಲ್ಲದೆಯೂ ಎಣಿಸಬಹುದು. 1817ರ ಕಾಯ್ದೆ ಎರಡು ಕಡೆಯವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಈ ವರ್ಕ್‌ಹೌಸಿನ ಟೋಕನ್‌ಗಳಿಗೆ 1820ರ ಮಾರ್ಚ್ 25ರ ತನಕ, ಶೆಫೀಲ್ಡಿನಲ್ಲಿ ಬಡವರ ಮೇಲ್ವಿಚಾರಕರು ಹೊರಡಿಸಿದ್ದಕ್ಕೆ 1823ರ ಮಾರ್ಚ್ 25ರ ತನಕ. ಕಾರಣ ಲೆಕ್ಕದ್ದೇ. ಈ ಟೋಕನ್‌ಗಳು ರಾಶಿರಾಶಿ ಓಡಾಡುತ್ತಿದ್ದವು. ಎಲ್ಲವನ್ನೂ ಒಂದೇ ಏಟಿಗೆ ಹಿಂದಕ್ಕೆ ಕೊಂಡರೆ ಹೊರೆ ಬೀಳುವುದು ಬಡವರ ತೆರಿಗೆಯ ಮೇಲೆ. ಬ್ರಿಟನ್ನಿನ ಟೋಕನ್ ದುಡ್ಡಿನಲ್ಲಿ ಕಾನೂನಿನ ಮನ್ನಣೆ ಪಡೆದು ಹೆಚ್ಚು ದಿನ ಬದುಕಿದ್ದು ದೊಡ್ಡ ಗಣಿಯವರದ್ದಲ್ಲ, ವರ್ತಕರದ್ದಲ್ಲ, ಬಡವರ ಹೊಣೆ ಹೊತ್ತವರದು. ಚೀಟಿಯಲ್ಲಿ ಇದೇ ಇರಬೇಕಿತ್ತು. ಇದನ್ನು ಬಿಟ್ಟು ಬರೀ ಒಂದು ಇಸವಿ ಬರೆದದ್ದು ಕಂಡು ನನಗೆ ನಿಜವಾಗಿಯೂ ಬೇಸರವಾಯಿತು.

ಮರುವಾರ ಹೋಗಿ ಮಾಲೀಕರ ಮುಂದೆ ಐದನ್ನೂ ಸಾಲಾಗಿ ಇಟ್ಟು, 1672, 1797, 1814, 1820 ಅಂತ ಕಾಗದದ ತುಂಡಿನಲ್ಲಿ ಬರೆದು ತೋರಿಸಿದೆ. ಕೊವೆಂಟ್ರಿಯದಕ್ಕೂ ಡ್ರೂಯಿಡ್‌ನ ವರ್ಷವೇ. ಆಕೆ ವಾದಿಸಲಿಲ್ಲ. ಚೀಟಿ ಹಿಂದಿನ ಮಾಲೀಕರ ಕಾಲದ್ದಂತೆ. 'ಯಾರೂ ಕೇಳಿರಲಿಲ್ಲ' ಅಂದರು. ಉಜ್ಜಿದ ಗೊಡೈವಾಗೆ 10 ಪೌಂಡ್ ವಾಪಸು ಕೊಟ್ಟರು. ಟೋಕನ್ನನ್ನೇ ಹಿಂದಿರುಗಿಸಬಹುದು ಅಂತಲೂ ಹೇಳಿದರು. ಮೊಮ್ಮಗ ಆನೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

ನಮ್ಮ ಕಡೆಯ ಸಂಗ್ರಹಕಾರರಿಗೆ ಇನ್ನೊಂದು ಮಾತು. ಅದೇ ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 10 ಕಾಸು, 20 ಕಾಸು ತಾಮ್ರದ ನಾಣ್ಯಗಳಿವೆ, 1808 ಇಸವಿಯವು. ಮದ್ರಾಸ್ ಪ್ರಾಂತ್ಯಕ್ಕೆಂದು ಬೋಲ್ಟನ್‌ನ ಅದೇ ಸೊಹೋ ಅಚ್ಚುಮನೆಯಲ್ಲಿ ಒತ್ತಿದ್ದು. ಅಡ್ಮಿರಲ್ ಗಾರ್ಡ್ನರ್ ಅನ್ನುವ ಹಡಗು ಅವನ್ನು ಹೊತ್ತು ಹೊರಟು, 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ, ಗುಡ್‌ವಿನ್ ಮರಳುದಿಬ್ಬದ ಮೇಲೆ ಮುಳುಗಿತು. ನನ್ನ ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು. ಹಡಗು ದಾಟಿದ್ದರೆ ಈ ಕಾಸುಗಳಲ್ಲಿ ಕೆಲವಾದರೂ ನಮ್ಮ ಸಂತೆಗೆ ಬರುತ್ತಿದ್ದವು. ಒಂದು 20 ಕಾಸು ಕೊಂಡೆ. ಉಪ್ಪುನೀರು ಅಂಚನ್ನು ತಿಂದಿದೆ, ಆದರೆ ಕಂಪನಿಯ ಸಿಂಹಗಳೂ ಹಿಂದಿನ ಪರ್ಷಿಯನ್ ಅಕ್ಷರಗಳೂ ಹಾಗೇ ಇವೆ.

ಒಟ್ಟು ಐದಕ್ಕೆ ನಾಲ್ಕು ಅಂಕ. ಹೊಸಬರು ಪೊಟ್ಟಣವನ್ನು ಧಾರಾಳವಾಗಿ ಕೊಳ್ಳಬಹುದು. ಬೇರೆ ಬೇರೆ ಹುಡುಕಿ ಕೊಂಡಿದ್ದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತು, ಅಲೆದಾಟ ಉಳಿಯಿತು. ಹಣ ಕೊಡುವ ಮುಂಚೆ ಪ್ರತಿಯೊಂದನ್ನೂ ಕಿಟಕಿಯ ಬಳಿ ಒಯ್ದು, ವಾಲಿಸಿ ನೋಡಿ. ಅಂಚನ್ನು ಓದದೆ ಹದಿನೆಂಟನೆಯ ಶತಮಾನದ ಟೋಕನ್ ಕೊಳ್ಳಬೇಡಿ. ಹಣ ಎಲ್ಲಿ ಸಿಗುತ್ತಿತ್ತು ಅನ್ನುವುದು ಹೆಚ್ಚಾಗಿ ಇರುವುದು ಅಲ್ಲೇ, ಮತ್ತು ಎಷ್ಟೋ ಸಲ ಅಲ್ಲಿರುವ ವಿಳಾಸವೇ ಸುಳ್ಳು. ಶೆಫೀಲ್ಡಿನ ಪೆನ್ನಿ ಬಂದರೆ ನನಗೇ ತೆಗೆದಿಡಿ, ಉಜ್ಜದೆ ಇರುವುದು ಬೇಕು ಅಂತ ಮಾಲೀಕರಿಗೆ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ.